ಕೊಳ

ಆರು ವಾರಕ್ಕೆ ಬಂದವನು, ಪಾನ ಇಕ್ಕಳದ ಕೆಲಸಕ್ಕೆ.
ಪಾದ್ರಿ ಮುಬಿತಾಗೆ ಮಲೇರಿಯಾ:
“ಈ ಭಾನುವಾರ ನೀನೇ ಪ್ರಸಂಗ ಮಾಡು.”

ಜಾಂಬೆಜಿಯ ನೆರೆ ಇಳಿದ ಬಯಲು,
ಬೆಂಚಿನ ತುಂಬ ದೋಣಿಯಲ್ಲಿ ಬಂದ ರೋಗಿಗಳು.
ದೇವದೂತ ಇಳಿದು ಕಲಕುವ
ಬೇತೆಸ್ದ ಕೊಳದ ಕತೆ ತೆಗೆದೆ.
ನರ್ಸ್ ನಮಕಾವು ಲೋಜಿಗೆ ತಿರುಗಿಸಿದಳು,
ನನ್ನ ಒಂದು ಮಾತಿಗೆ ಅವಳದು ಹತ್ತು.
ಜನ ನಕ್ಕರು. ನಗುವಂಥದ್ದೇನೂ ನಾನು ಹೇಳಿರಲಿಲ್ಲ.

ಹಿತ್ತಲ ಜನರೇಟರ್ ಗಕ್ಕನೆ ನಿಂತಿತು.
ಒಳಗೆ, ಮೇಜಿನ ಮೇಲೆ, ಹೊಟ್ಟೆ ಕೊಯ್ದ ಬಸುರಿ.

ಓಡಿದೆ, ಬೈಬಲ್ಲು ಕಂಕುಳಲ್ಲೇ.
ಡೀಸೆಲ್ ನಳಿಕೆಯಲ್ಲಿ ಕಸ; ಬಾಯಿಟ್ಟು ಹೀರಿ ಉಗಿದೆ,
ಹ್ಯಾಂಡಲ್ ತಿರುವಿದೆ, ಬೇಡಿದೆ, ಬೈದೆ, ಮತ್ತೆ ತಿರುವಿದೆ.
ಯಾವುದನ್ನು ಕೇಳಿಸಿಕೊಂಡನೋ ದೇವರು,
ಕೆಮ್ಮಿ ಗುಡುಗಿತು.

ಮರಳಿದಾಗ ಪ್ರಸಂಗ ಮುಗಿದಿತ್ತು.
“ಏನಂತ ಮುಗಿಸಿದೆ?”
ಗಡ್ಡದ ಎಣ್ಣೆ ಒರೆಸಲು ಬಟ್ಟೆ ಎಸೆದಳು:
“ಕೊಳ ಕಲಕೋಕೆ ಹೋಗಿದ್ದಾನೆ ಅಂದೆ.”