ಮೇಲ್ನೋಟಕ್ಕೆ

ನೆಲ್ಸನ್ ಊರಿನಲ್ಲಿ, ಕಾಲುವೆಯ ದಂಡೆಗೆ,
ನಮ್ಮ ಮನೆಯ ಹಿಂಬದಿಗೆ ಒಂದೇ ಕಿಟಕಿ.
ಬಾಡಿಗೆ ಚೀಟಿಯಲ್ಲಿ ಬರೆದಿತ್ತು: ಕಾಲುವೆಯನ್ನು
ಓವರ್‌ಲುಕ್ ಮಾಡುತ್ತದೆ. ಅದಕ್ಕೆ ವಾರಕ್ಕೆ ಆರು ಪೆನ್ನಿ ಹೆಚ್ಚು.
ಕಂಡದ್ದು ಕಲ್ಲಿದ್ದಲ ದೋಣಿ, ಅದನ್ನೆಳೆಯುವ ಕುದುರೆಯ
ಒದ್ದೆ ಬೆನ್ನು. ನೋಡುವುದಕ್ಕೂ ಬಾಡಿಗೆ ಇತ್ತು ಆಗ.

ಗಿರಣಿಯಲ್ಲಿ ಅದೇ ಪದಕ್ಕೆ ಮೀಸೆ ಬಂದಿತ್ತು:
ಓವರ್‌ಲುಕರ್ ಐಸಾಕ್ ಥ್ರೆಲ್‌ಫಾಲ್, ಸೊಂಟದಲ್ಲಿ ಸ್ಪ್ಯಾನರು.
ಮಗ್ಗ ಕೆಟ್ಟರೆ ಕೈಯೆತ್ತಬೇಕು,
ಅವನು ಬರುವವರೆಗೆ ಕೂಲಿಯೂ ನಿಂತಂತೆ.
ಆ ಸದ್ದಿನಲ್ಲಿ ನಾವು ಬಾಯಿದ್ದೂ ಮೂಕರು,
ತುಟಿಯಲ್ಲೇ ಮಾತು, ಕಣ್ಣೇ ಕಿವಿ.
ಎರಡು ಮಗ್ಗದಾಚೆಯಿಂದ ಮಿನ್ನಿ ಹಾಲ್‌ಸ್ಟೆಡ್ ಹೇಳಿದ ಚಾಡಿಗಳು
ಇವತ್ತಿಗೂ ನೆನಪಿವೆ. ಅವಳ ದನಿ ನೆನಪಿಲ್ಲ.

ಡೆವನ್‌ನಿಂದ ಬಂದ ಅತ್ತೆ, ಟ್ಯಾಮ್‌ಸಿನ್,
ನನ್ನ ಮಗು ಹಾಲು ಕಕ್ಕಿದ ರಾತ್ರಿ ತೊಟ್ಟಿಲ ಮೇಲೆ ಬಾಗಿ
ಅದೇ ಪದವನ್ನು ಪಿಸುಗುಟ್ಟಿದಳು:
"ಯಾರೋ ಓವರ್‌ಲುಕ್ ಮಾಡಿದ್ದಾರೆ."
ಅವಳ ಸೀಮೆಯಲ್ಲಿ ಹಾಗೆಂದರೆ, ಕಣ್ಣು ಬಿದ್ದಿದೆ.
ನಾನು ನಕ್ಕೆ. ಆಮೇಲೆ ಕಿಟಕಿ ನೋಡಿದೆ.
ಪರದೆ ಎಳೆದೆ.

ಮೂವತ್ತೊಂಬತ್ತು ದಿನ ಬದುಕಿತು. ಹರ್ಬರ್ಟ್ ಅಂತ ಹೆಸರು.
ಮಣ್ಣು ಮಾಡಿದ ಮೂರನೆಯ ದಿನ ಮಗ್ಗಕ್ಕೆ ಮರಳಿದೆ.
ಆ ಮಧ್ಯಾಹ್ನ ನಾಲ್ಕನೆಯದರಲ್ಲಿ ಎಳೆಗಳು ಕಡಿದು
ಗೇಣುದ್ದ ಬರೀ ಹೊಕ್ಕು, ಹಾಸಿಲ್ಲ.
ನಾನು ಎದುರಿಗೇ ನಿಂತಿದ್ದೆ.

ಸಂಜೆ ಗೋದಾಮಿನಲ್ಲಿ, ಉತ್ತರದ ಬೆಳಕಿನ ಕೆಳಗೆ,
ಬಟ್ಟೆ ನೋಡುವ ಕ್ಲೆಗ್ ನನ್ನ ಥಾನನ್ನು ಮೇಜಿನ ಮೇಲೆ ಎಳೆದ.
ಸಿಕ್ಕಿಬಿದ್ದರೆ ದಂಡ. ಅವನ ಕಣ್ಣಿಗೆ
ಸಾಸಿವೆಯಷ್ಟು ಲೋಪವೂ ತಪ್ಪದೆಂದು ಪ್ರತೀತಿ.
ಎಳೆದ, ಎಳೆದ. ಆ ಜಾಗ ಬಂತು.
ಬೆರಳು ನಿಂತಿತು. ನಿಂತಂತೆ ನನಗೆ ಕಂಡಿತು.
ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ,
ಹಾಕಿಕೊಂಡ, ಮುಂದಕ್ಕೆ ಎಳೆದ.
"ಸರಿಯಿದೆ, ನಡಿ."

ಕಾಣಲಿಲ್ಲವೋ? ಕಂಡು ಹೊಟ್ಟೆಗೆ ಹಾಕಿಕೊಂಡನೋ?
ಎರಡಕ್ಕೂ ಅದೇ ಪದ ನಮ್ಮಲ್ಲಿ.
ಕಣ್ತಪ್ಪಿಗೂ ಕರುಣೆಗೂ ಒಂದೇ ಅಂಗಿ ಹೊಲಿಸಿದ
ನಮ್ಮ ಹಿರಿಯರು ಜಿಪುಣರೋ, ಜಾಣರೋ.
ಕೇಳೋಣವೆಂದರೆ ಮುಂದಿನ ಚಳಿಗಾಲಕ್ಕೆ
ಕ್ಲೆಗ್ ಕೆಲಸ ಬಿಟ್ಟಿದ್ದ. ಎರಡೂ ಕಣ್ಣಿಗೆ ಪೊರೆ ಬಂದಿತ್ತಂತೆ,
ಯಾವಾಗಿನಿಂದಲೋ.
ಮಗ್ಗಗಳ ನಡುವೆ ಮಿನ್ನಿ ತುಟಿಯಾಡಿಸಿದಳು:
ಅವನದೂ ಒಂದು ಹೋಗಿತ್ತು ಕಣೇ,
ಯುದ್ಧಕ್ಕೂ ಮೊದಲು. ಹೆಣ್ಣು ಮಗು.

ಆ ಥಾನು ಯಾವ ಹಡಗು ಹತ್ತಿತೋ.
ಯಾರೋ ಹೊಲಿಸಿ, ತೊಟ್ಟು, ಹರಿದ ಮೇಲೆ
ನೆಲ ಒರೆಸಿರಬೇಕು. ಒಮ್ಮೆಯಾದರೂ ಬೆಳಕಿಗೆ ಹಿಡಿದು
ಆ ಗೇಣುದ್ದದ ಜಾಲರಿಯಿಂದ ಆಚೆ ನೋಡಿರಬಹುದು.
ನೋಡಿರಲಿಕ್ಕಿಲ್ಲ.

ಪರದೆಯನ್ನು ನಾನು ಮತ್ತೆ ಸರಿಸಲಿಲ್ಲ.
ಕಾಲುವೆಯ ಆರು ಪೆನ್ನಿಯನ್ನು ಮಾತ್ರ
ವಾರವಾರ ಕೊಡುತ್ತಲೇ ಇದ್ದೆ.