ಹೆಸರಿನ ಕಾಲಮ್ಮು

ಶಿವಮೊಗ್ಗದ ಲ್ಯಾಬಿನಿಂದ ಹುಡುಗ ಫೋನು ಮಾಡಿದ:
ಮೇಡಂ, ಹೆಸರು ಬರೆಯುವ ಕಡೆ ಕಾಯಿಲೆ ಬರೆದಿದ್ದೀರಿ.
ಒಂದು ಸಲವಲ್ಲ, ನಾಲ್ಕು ಸಲ.
ತಿದ್ದಿ ಕಳಿಸಿ.

ತಿದ್ದುವುದೇನಪ್ಪಾ.
ಹುಚ್ಚಮ್ಮ ಅವಳ ಹೆಸರು. ಗಂಡನ ಅಪ್ಪ ಹುಚ್ಚಪ್ಪ,
ಅವನಣ್ಣ ದೊಡ್ಡ ಹುಚ್ಚಪ್ಪ, ಮೈದುನನ ಮಗ ಹುಚ್ಚರಾಯ.
ಶಿಕಾರಿಪುರದ ದೇವರಿಗೆ ಹೇಳಿಕೊಂಡು ಹುಟ್ಟಿದವರು.
ದೊಡ್ಡ ಹುಚ್ಚಪ್ಪ ಸೊಸೈಟಿಯ ಲೆಕ್ಕ ಬರೆಯುತ್ತಿದ್ದನಂತೆ,
ಮೂವತ್ತು ವರ್ಷ, ಒಂದು ಪೈಸೆ ತಪ್ಪದೆ.
ಕಾಯಿಲೆ ಇರುವವನು ಟೀಕಪ್ಪ.
ಆ ಹೆಸರಿನಲ್ಲಿ ಏನೂ ಇಲ್ಲ.

ತಾಳಗುಪ್ಪದ ರಸ್ತೆ ಬಿಟ್ಟು ಎಡಕ್ಕೆ ನಡೆದು
ಅವರ ಜಗಲಿಯಲ್ಲಿ ಕೂತು ವಂಶದ ನಕ್ಷೆ ಬರೆಯುತ್ತಿದ್ದೆ.
ಚೌಕ ಅಂದರೆ ಗಂಡು, ದುಂಡು ಅಂದರೆ ಹೆಣ್ಣು,
ಸತ್ತವರ ಮೇಲೆ ಓರೆ ಗೆರೆ,
ಕಾಯಿಲೆಯವರಿಗೆ ಮಸಿ.
ಟೀಕಪ್ಪ ಒಳಬಾಗಿಲಲ್ಲಿ ನಿಂತು ನೋಡುತ್ತಿದ್ದ,
ಲಿಥಿಯಂ ಗುಳಿಗೆಗೆ ನಡುಗುವ ಕೈಯನ್ನು
ಇನ್ನೊಂದು ಕೈಯಲ್ಲಿ ಹಿಡಿದುಕೊಂಡು.
ಎರಡು ವರ್ಷದ ಹಿಂದೆ, ಒಂಬತ್ತು ರಾತ್ರಿ ನಿದ್ದೆಗೆಟ್ಟು
ಒಬ್ಬನೇ ಊರ ಕೆರೆಗೆ ಮೆಟ್ಟಿಲು ಕಡಿದವನು.
ಹದಿನೇಳು ಮೆಟ್ಟಿಲು.
ಹತ್ತನೆಯ ದಿನ ಅವನನ್ನು ಕಟ್ಟಿ ಜೀಪಿಗೆ ಹತ್ತಿಸಿದವರು
ಈಗಲೂ ನೀರಿಗೆ ಅದರಲ್ಲೇ ಇಳಿಯುತ್ತಾರೆ.

ಹುಚ್ಚಮ್ಮ ಹಸೆ ಚಿತ್ತಾರ ಬರೆಯುವ ಕೈಯವಳು,
ಸುತ್ತಲಿನ ಮದುವೆ ಮನೆಗಳಿಗೆಲ್ಲ ಅವಳೇ.
ನನ್ನ ಕಾಗದವನ್ನು ಅತ್ತ ತಿರುಗಿಸಿ ಇತ್ತ ತಿರುಗಿಸಿ
ಬೆರಳಿಟ್ಟಳು: ಈ ಗೆರೆ ಎಂತಕ್ಕೆ ಇಲ್ಲೇ ನಿಂತದೆ?
ಆ ಅಕ್ಕನಿಗೆ ಮಕ್ಕಳಿರಲಿಲ್ಲವಲ್ಲ ಅಂದೆ.
ನಾಲ್ಕು ಮಕ್ಕಳನ್ನ ಸಾಕಿದಾಳೆ ಅವಳು, ಅಂದಳು.
ಬರೆಯಲು ಗುರುತಿರಲಿಲ್ಲ.
ಮತ್ತೆ ಟೀಕಪ್ಪನ ಚೌಕ ನೋಡಿದಳು, ಬಹಳ ಹೊತ್ತು.
ನಾವೂ ಕಪ್ಪು ಹಾಕ್ತೀವಿ, ಹಸೆಗೆ.
ಅಕ್ಕಿ ನೆನೆಸಿ ಅರೆದರೆ ಬಿಳಿ.
ಅದನ್ನೇ ಹುರಿದು ಹುರಿದು, ಸೀದು ಹೋಗುವಷ್ಟು ಹುರಿದು
ಅರೆದರೆ ಕಪ್ಪು.
ಆ ಮೇಲೆ ಎದ್ದು ಚಾ ಇಡಲು ಹೋದಳು.

ಒಪ್ಪಿಗೆ ಪತ್ರ ಓದಿ ಹೇಳಬೇಕು, ಅದು ನಿಯಮ.
ಇದರಿಂದ ನಿಮಗೆ ನೇರ ಪ್ರಯೋಜನವಿಲ್ಲ, ಓದಿದೆ.
ಗೊತ್ತಾತು, ಅಂದಳು, ಗೋಡೆ ನಮ್ಮದಲ್ಲ,
ಮದುವೆಯೂ ನಮ್ಮದಲ್ಲ, ಬರೆಯೋದು ಬರೀತೀವಿ.
ಹೆಬ್ಬೆಟ್ಟಲ್ಲ, ಸಹಿ ಹಾಕಿದಳು.
ಹು-ಗೆ ಕೊಂಬು ಕೊಡುವಾಗ ನಾಲಿಗೆ ಹಲ್ಲಿನ ನಡುವೆ.

ಲಕ್ಷಗಟ್ಟಲೆ ಜನರ ರಕ್ತ ನೋಡಿ
ಯಾರಿಗೆ ಎಷ್ಟು ಅಪಾಯ ಅಂತ ಲೆಕ್ಕ ಕಟ್ಟಿದ್ದಾರೆ,
ಹೆಚ್ಚಿನದೆಲ್ಲ ಹಿಮ ಬೀಳುವ ದೇಶಗಳದ್ದು.
ಅದರಲ್ಲಿ ಟೀಕಪ್ಪನನ್ನು ಹಾಕಿದರೂ ಒಂದು ಸಂಖ್ಯೆ ಬರುತ್ತದೆ,
ಬೇರೆ ಸೀಮೆಯ ಕೊಳಗದಲ್ಲಿ ನಮ್ಮ ಭತ್ತ ಅಳೆದ ಹಾಗೆ.
ಅದಕ್ಕೇ ನಾನು. ಅದಕ್ಕೇ ಈ ನೇರಳೆ ಮುಚ್ಚಳದ ನಳಿಕೆಗಳು,
ತೊಡೆಯ ಮೇಲೆ ಐಸಿನ ಡಬ್ಬಿ.

ಸಾಗರದಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಕೇಳಿದ:
ಒಳಗೆಂತದು, ಮೀನಾ?
ಅಲ್ಲ, ಹನ್ನೊಂದು ಜನ, ಅಂದೆ.
ಹಾಗಾದ್ರೆ ಹನ್ನೊಂದು ಟಿಕೆಟ್ಟು, ಅಂತ ನಕ್ಕು ಮುಂದೆ ಹೋದ.

ಮೊನ್ನೆ ಮತ್ತೆ ಹೋಗಿದ್ದೆ. ರಕ್ತ ಎಂತ ಹೇಳಿತು, ಕೇಳಿದಳು.
ಇನ್ನೂ ಬಹಳ ಜನರದು ಸೇರಬೇಕು, ಅಂದೆ.
ಆತು, ಆ ಚಿತ್ತಾರದ ಒಂದು ಪ್ರತಿ ಕೊಡು,
ಬುಟ್ಟಿಯ ಮೇಲೆ ಬರೀತೇನೆ.
ಕೊಡುವ ಹಾಗಿಲ್ಲಮ್ಮ, ಗುಟ್ಟಾಗಿ ಇಡಬೇಕು.
ನಮ್ಮ ಮನೆಯವರು ನಮಗೇ ಗುಟ್ಟಾ?

ಆಕೆಗೆ ಹೇಳಲಿಲ್ಲ.
ತರಬೇತಿಯ ಮೊದಲ ದಿನ, ಕೈ ಕುದುರಲಿ ಅಂತ
ನಮ್ಮ ನಮ್ಮ ಮನೆಯದೇ ಬರೆಸಿದ್ದರು.
ಚಿಕ್ಕಮ್ಮನ ದುಂಡನ್ನು ನಾನು
ಬಿಳಿಯಾಗೇ ಬಿಟ್ಟಿದ್ದೆ.
ಯಾರೂ ಪರೀಕ್ಷಿಸಲಿಲ್ಲ. ಪೂರ್ತಿ ಅಂಕ ಬಂತು.