ಚೆಕ್ಕುಬಂದಿ

ಹಾಸನ ಟೌನು, ಪೆನ್ಷನ್ ಮೊಹಲ್ಲಾ, ಎರಡನೇ ಅಡ್ಡರಸ್ತೆ.
ಪೂರ್ವಕ್ಕೆ ಸೈಕಲ್ ಶಾಪು, ಈಗ ಬರೀ ಪಂಕ್ಚರ್.
ಪಶ್ಚಿಮಕ್ಕೆ ಗೋಡೆ ಹಂಚಿಕೊಂಡ ಝೆರಾಕ್ಸ್ ಅಂಗಡಿ.
ಉತ್ತರಕ್ಕೆ ಚರಂಡಿ, ಅದರಾಚೆ ಸರ್ಕಾರಿ ಕಚೇರಿಯ ಹಿಂಬಾಗಿಲು.
ದಕ್ಷಿಣಕ್ಕೆ, ಅವರ ನಡುಮನೆ ಹಾದು, ಅಡುಗೆಮನೆ.
ಈ ಮಧ್ಯೆ ಇರುವ ಹನ್ನೆರಡಡಿ ಅಗಲ ಇಪ್ಪತ್ತಡಿ ಉದ್ದದಲ್ಲಿ
ನಾಲ್ಕು ಮೇಜು, ಹದಿನಾರು ಸ್ಟೂಲು,
ಒಂದಕ್ಕೆ ಕಾಲು ಗಿಡ್ಡ. ತಡವಾಗಿ ಬಂದವರಿಗೆ ಅದು.

ಬೋರ್ಡಿಲ್ಲ. ಮೊಗಣ್ಣನ ಮೆಸ್ಸು ಅನ್ನುತ್ತೇವೆ.
ಬೇಯಿಸುವವಳು ನಂಜಮ್ಮಣ್ಣಿ.
ನನಗೆ ಇದು ಹೊಸದಲ್ಲ:
ಪಹಣಿಯಲ್ಲಿ ಒಬ್ಬರ ಹೆಸರು, ಉಳುವವರು ಇನ್ನೊಬ್ಬರು.

ನಾನು ಪತ್ರ ಬರೆಯುವವನು. ಇಪ್ಪತ್ತೆಂಟು ವರ್ಷ
ಊರವರ ಕ್ರಯ, ಭೋಗ್ಯ, ಪಾಲುಪಾರಿಕತ್ತು.
ಒಂದೂಕಾಲಿಗೆ ಪೆನ್ನಿನ ಕ್ಯಾಪು ಹಾಕಿ
ಚರಂಡಿಯ ಚಪ್ಪಡಿ ಮೇಲೆ ಕಾಲಿಟ್ಟರೆ
ಬಸ್ಸಾರೋ ಉಪ್ಸಾರೋ
ಅಲ್ಲೇ ಗೊತ್ತಾಗುತ್ತದೆ.

ಅಭಿಪ್ರಾಯ ಎಲ್ಲರಿಗೂ ಇದೆ.
ಬ್ಯಾಂಕಿನ ಕರ್ಕೇರರಿಗೆ ಕುಚ್ಚಲಕ್ಕಿ ಇಲ್ಲವೆಂಬ ಕೊರಗು;
ಹನ್ನೊಂದು ವರ್ಷದಿಂದ ಅದನ್ನೇ ಹೇಳುತ್ತ
ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ.
ಸರ್ವೆ ಇಲಾಖೆಯ ರುದ್ರಪ್ಪಾಜಿ ಮುದ್ದೆಯನ್ನು ಕಣ್ಣಲ್ಲೇ ಅಳೆದು
‘ಹೋದ ಸಾಲಿಗಿಂತ ಎರಡು ಗುಂಟೆ ಕಮ್ಮಿ’ ಅನ್ನುತ್ತಾರೆ.
ಟೈಪಿಸ್ಟ್ ಲಲಿತಾಂಬ ಮೊಸರಿನ ಸುದ್ದಿ ಎತ್ತುವುದಿಲ್ಲ,
ಮನೆಯಿಂದ ತರುತ್ತಾರೆ. ಅದೂ ಒಂದು ಅಭಿಪ್ರಾಯ.
ಆಟೋ ಇನಾಯತ್: ‘ನಮ್ಮೂರ ಆಲೂಗಡ್ಡೆ ಬಿಡಿ,
ಕೆಡಿಸ್ತೀನಿ ಅಂದ್ರೂ ಕೆಡಲ್ಲ.’
ಹೊಸ ಹುಡುಗನೊಬ್ಬ ತಟ್ಟೆಯ ಫೋಟೋಗೆ ಫೋನೆತ್ತಿದಾಗ
ಮೊಗಣ್ಣ ಅವನ ಕೈ ತಡೆದು,
ಅಂಚಿಗೆ ಚೆಲ್ಲಿದ ಸಾರು ಹೆಗಲ ಟವೆಲಿನಲ್ಲಿ ಒರೆಸಿ
‘ಈಗ ತೆಗಿ’ ಅಂದ.

ಆಷಾಢದಲ್ಲಿ ನಂಜಮ್ಮಣ್ಣಿಗೆ ಕಣ್ಣಿನ ಆಪರೇಷನ್ನು.
ಎಂಟು ದಿನ ಒಲೆಯ ಮುಂದೆ ಕೂಡದು.
ಬಿ.ಕಾಂ. ಪುಸ್ತಕ ಕಿಟಕಿಗಿಟ್ಟು ಮಗಳು ಹೇಮಾಕ್ಷಿ ನಿಂತಳು.
ಮೊದಲ ದಿನ ಮುದ್ದೆಯಲ್ಲಿ ಗಂಟು.
ಎರಡನೆಯ ದಿನ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು.
ನಾವು ಹದಿನಾರು ಜನ ನ್ಯಾಯಾಧೀಶರು
ತಲೆ ತಗ್ಗಿಸಿ ಉಂಡೆವು.
ಕರ್ಕೇರರಿಗೆ ಕುಚ್ಚಲಕ್ಕಿ ನೆನಪಾಗಲಿಲ್ಲ.
ರುದ್ರಪ್ಪಾಜಿ ಅಳೆಯಲಿಲ್ಲ.
‘ಚೆನ್ನಾಗಿದೆ ಕಣಮ್ಮ’ ಅಂದೆ ನಾನು,
ಸ್ವಇಚ್ಛೆಯಿಂದ, ಯಾರ ಬಲವಂತವೂ ಇಲ್ಲದೆ,
ಪೂರ್ಣ ಪ್ರಜ್ಞೆಯಲ್ಲಿ.

ಒಂಬತ್ತನೆಯ ದಿನ ಕಪ್ಪು ಕನ್ನಡಕ ಹಾಕಿಕೊಂಡು
ನಡುಮನೆಯ ಹೊಸ್ತಿಲಲ್ಲಿ ಕಂಡಳು ತಾಯಿ.
‘ಮಗಳ ಕೈ ಹೆಂಗಿತ್ತು ಅಣ್ಣಾಜಪ್ನೋರೆ?’
‘ಒಳ್ಳೇ ಕೈ.’
ನಕ್ಕಳು.
‘ಒಲೆ ಮುಂದೆ ಬ್ಯಾಡ ಅಂದ್ರು ಡಾಕ್ಟ್ರು,
ನಲ್ಲಿ ಮುಂದೆ ಅಂದಿರ್ಲಿಲ್ಲ.
ತಟ್ಟೆ ಬೆಳಗಿದೋಳು ನಾನೇಯ.
ಕಣ್ಣಿಗೆ ಪಟ್ಟಿ ಇತ್ತು, ಬೆರಳಿಗಿರ್ಲಿಲ್ಲ.
ಒಣಮೆಣಸಿನಕಾಯಿ ಎರಡಾಗಿ ಮುರಿದು ಅಂಚಿಗಿಡೋರು ನೀವೊಬ್ರೇ.
ಅದರ ಪಕ್ಕ ಅರ್ಧ ಮುದ್ದೆ.
ಆ ಕುಚ್ಚಲಕ್ಕಿಯೋರು, ಪಾಪ,
ಗಂಟೂ ಬಿಡದಂಗೆ ಉಂಡವ್ರೆ.’

ಸಾಕ್ಷಿಗಳಿಬ್ಬರ ರುಜುವಿಲ್ಲದೆ ಏನನ್ನೂ ನಂಬದ ನಾನು
ಏನು ಹೇಳಲಿ?
ಸ್ಟೀಲಿನ ಲೋಟ ಎತ್ತಿ ನೀರು ಕುಡಿದೆ,
ಬೇಕಾದ್ದಕ್ಕಿಂತ ನಿಧಾನವಾಗಿ.

ಈಗ ಗುರುವಾರಗಳು ಹೇಮಾಕ್ಷಿಯವು.
ಬೋರ್ಡಿಲ್ಲದ ಮೆಸ್ಸಿನಲ್ಲಿ ಯಾರೂ ಸಾರಲಿಲ್ಲ,
ಎಲ್ಲರಿಗೂ ಗೊತ್ತಾಯಿತು.
ಕರ್ಕೇರರು ಮತ್ತೆ ಕುಚ್ಚಲಕ್ಕಿ ಕೇಳುತ್ತಿದ್ದಾರೆ,
ಅಂದರೆ ಅವಳ ಕೈ ಕುದುರಿದೆ.

ಇವತ್ತು ಗುರುವಾರ. ಹುರುಳಿ ಬಸ್ಸಾರು.
ಉಪ್ಪು ಒಂದೇ ಸಲ ಬಿದ್ದಿದೆ.
ಗಿಡ್ಡ ಕಾಲಿನ ಸ್ಟೂಲು ನನ್ನ ಪಾಲಿಗೆ.
ಮೇಲ್ಕಂಡ ಸ್ವತ್ತಿನಲ್ಲಿ ನನ್ನ ಋಣಭಾರ
ಮೂವತ್ತೆರಡು ಊಟ, ಒಂದು ಸುಳ್ಳು.
ಬಿಕ್ಕಲಂ: ಅಣ್ಣಾಜಪ್ಪ.
ಕೈ ಇನ್ನೂ ತೊಳೆದಿಲ್ಲ.